ಸಿಲಿಂಡರಿಗೆ ಎಷ್ಟು ಮುಖ, ಎಷ್ಟು ಅಂಚು? ಮಗಳ ಉತ್ತರ ನಿಜವಾಗಿ ತಪ್ಪಾ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳು ಎಂಟನೇ ತರಗತಿ. ಗಣಿತದ ಕಿರುಪರೀಕ್ಷೆಯಲ್ಲಿ ‘ಸಿಲಿಂಡರಿಗೆ ಎಷ್ಟು ಮುಖ, ಎಷ್ಟು ಅಂಚು, ಎಷ್ಟು ಶೃಂಗ?’ ಅಂತ ಕೇಳಿದ್ದರು. ಇವಳು 3, 2, 0 ಅಂತ ಬರೆದಳು. ತಪ್ಪು ಅಂತ ಹೊಡೆದು ಹಾಕಿದ್ದಾರೆ. ಸರಿ ಉತ್ತರ 2, 0, 0 ಅಂತೆ. ಮನೆಯಲ್ಲಿರುವ ಗೈಡ್ ನೋಡಿದರೆ ಇವಳು ಬರೆದಿದ್ದೇ ಅಲ್ಲಿದೆ. ಒಂದು ವಿಡಿಯೋದಲ್ಲಿ ಸಿಲಿಂಡರಿಗೆ ಲೆಕ್ಕವಿಲ್ಲದಷ್ಟು ಮುಖಗಳಿವೆ ಅಂದರು. ಕೊನೆಗೆ ಆಯ್ಲರ್ ಸೂತ್ರ (ಶೃಂಗ – ಅಂಚು + ಮುಖ = 2) ಹಾಕಿ ತೀರ್ಮಾನ ಮಾಡೋಣ ಅಂತ ಕೂತೆ. ಮಗಳ ಲೆಕ್ಕದಲ್ಲಿ ಸಿಲಿಂಡರಿಗೆ 1 ಬಂತು, ಟೀಚರ್ ಲೆಕ್ಕದಲ್ಲಿ 2 ಬಂತು. ಗೈಡ್ ಪ್ರಕಾರ ಶಂಕುವಿಗೂ 2 ಬಂತು. ಹಾಗಾದರೆ ಶಂಕು ಕೂಡ ಬಹುಮುಖ ಘನವಾ? ಇನ್ನೊಂದು ಅನುಮಾನ: ಘನ ಮತ್ತು ಆಯತ ಘನ ಬೇರೆ ಬೇರೆಯಾ, ಒಂದರೊಳಗೆ ಇನ್ನೊಂದಾ? ಒಟ್ಟು ಎಷ್ಟು ಬಗೆಯ ಘನಾಕೃತಿಗಳಿವೆ ಅಂತ ಒಂದು ಪಟ್ಟಿ ಕೊಟ್ಟರೆ ಬಾಯಿಪಾಠ ಮಾಡಿಸುತ್ತೇನೆ. ಶಾಲೆಗೆ ಹೋಗಿ ಕೇಳಲಾ, ಸುಮ್ಮನಿರಲಾ ಅಂತಾನೂ ಹೇಳಿ. ಮಗಳಂತೂ ‘ಗಣಿತದಲ್ಲಿ ಒಂದೇ ಉತ್ತರ ಇರೋದು ಅಂತಿದ್ರಿ ಅಲ್ವಾ?’ ಅಂತ ನನ್ನನ್ನೇ ಕೇಳುತ್ತಿದ್ದಾಳೆ.

ಉತ್ತರ: ನಮಸ್ಕಾರ ಮೇಡಂ. ಮೊದಲು ಮಗಳಿಗೆ ಹೇಳಿ, ಅವಳ ಉತ್ತರ ದಡ್ಡ ಉತ್ತರ ಅಲ್ಲ. ಟೀಚರ್ ಉತ್ತರವೂ ಅಲ್ಲ. ಇಬ್ಬರೂ ಎಣಿಸಿದ್ದು ಸರಿಯಾಗಿಯೇ. ಆದರೆ ಎಣಿಸಿದ ವಸ್ತು ಬೇರೆ ಬೇರೆ. ಗಣಿತದಲ್ಲಿ ಉತ್ತರ ಒಂದೇ ಅನ್ನೋದು ಪ್ರಶ್ನೆ ಪೂರ್ತಿಯಾಗಿದ್ದಾಗ ಮಾತ್ರ ನಿಜ. ಯಾವುದನ್ನು ಮುಖ ಅಂತ ಕರೆಯುತ್ತೇವೆ, ಯಾವುದನ್ನು ಅಂಚು ಅಂತ ಕರೆಯುತ್ತೇವೆ ಅಂತ ತೀರ್ಮಾನ ಆಗದೆ ಸಿಲಿಂಡರಿಗೆ ಅವು ಎಷ್ಟು ಅಂತ ಕೇಳಿದರೆ, ಅದು ಅರ್ಧ ಪ್ರಶ್ನೆ.

ಶಿಕ್ಷಕರ ತರಬೇತಿಗಳಲ್ಲಿ ಈ ಜಗಳ ನಾನು ತುಂಬಾ ನೋಡಿದ್ದೇನೆ. ಘನಾಕೃತಿಗಳ ಪಾಠ ಬಂತು ಅಂದರೆ ಸಿಲಿಂಡರ್ ವಿಷಯಕ್ಕೆ ಕೋಣೆ ಎರಡು ಪಕ್ಷ ಆಗುತ್ತದೆ. ಎರಡು ಕಡೆಯವರೂ ಒಂದೊಂದು ಪುಸ್ತಕ ಎತ್ತಿ ತೋರಿಸುತ್ತಾರೆ. ಎರಡು ಪುಸ್ತಕದಲ್ಲೂ ಹಾಗೇ ಇರುತ್ತದೆ!

ಗೊಂದಲದ ಬೇರು ಎಲ್ಲಿದೆ?

ಘನಾಕೃತಿಗಳಲ್ಲಿ ಶಾಲೆಗೆ ಬೇಕಾದ ಎರಡು ದೊಡ್ಡ ಕುಟುಂಬಗಳಿವೆ. ಒಂದು, ಎಲ್ಲಾ ಕಡೆಯೂ ಚಪ್ಪಟೆ ಮುಖಗಳಿಂದ ಮುಚ್ಚಿರುವ ಆಕೃತಿಗಳು. ಘನ, ಆಯತ ಘನ, ಪ್ರಿಸಂ, ಪಿರಮಿಡ್ ಎಲ್ಲಾ ಇಲ್ಲಿ ಬರುತ್ತವೆ. ಇವೇ ಬಹುಮುಖ ಘನಗಳು. ಇನ್ನೊಂದು, ಎಲ್ಲಾದರೂ ಒಂದು ಕಡೆ ಬಾಗಿದ ಮೇಲ್ಮೈ ಇರುವ ಆಕೃತಿಗಳು. ಗೋಳ, ಸಿಲಿಂಡರ್, ಶಂಕು, ಅರ್ಧಗೋಳ, ಶಂಕುವಿನ ಭಿನ್ನಕ (ತುದಿ ಕತ್ತರಿಸಿದ ಶಂಕು) ಈ ಕಡೆಯವು.

ಮುಖ, ಅಂಚು, ಶೃಂಗ ಎಂಬ ಮೂರು ಲೆಕ್ಕಗಳು ಹುಟ್ಟಿದ್ದು ಮೊದಲನೇ ಕುಟುಂಬಕ್ಕಾಗಿ. ಅಲ್ಲಿ ಯಾವ ತಕರಾರೂ ಇಲ್ಲ. ಮುಖ ಅಂದರೆ ಚಪ್ಪಟೆಯಾದ ಬಹುಭುಜ. ಎರಡು ಮುಖ ಸೇರುವ ನೇರ ಗೆರೆ ಅಂಚು. ಅಂಚುಗಳು ಬಂದು ಸೇರುವ ಮೂಲೆ ಶೃಂಗ. ಘನಕ್ಕೆ 6 ಮುಖ, 12 ಅಂಚು, 8 ಶೃಂಗ. ಜಗತ್ತಿನ ಯಾವ ಪುಸ್ತಕ ತೆಗೆದರೂ ಇಷ್ಟೇ.

ಎರಡನೇ ಕುಟುಂಬಕ್ಕೆ ಇದೇ ಅಳತೆಗೋಲು ತಂದಾಗ ತೊಂದರೆ ಶುರುವಾಗುತ್ತದೆ. ಸಿಲಿಂಡರಿನ ಮೇಲೊಂದು, ಕೆಳಗೊಂದು ವೃತ್ತ ಇದೆ. ಚಪ್ಪಟೆ ಏನೋ ಹೌದು, ಆದರೆ ಬಹುಭುಜ ಅಲ್ಲ. ಸುತ್ತಲಿನ ಮೇಲ್ಮೈ ಬಾಗಿದೆ. ಅವು ಸೇರುವ ಕಡೆ ಗೆರೆ ಇದೆ, ಆದರೆ ಅದು ನೇರ ಅಲ್ಲ. ಅದಕ್ಕೆ ತುದಿಗಳೂ ಇಲ್ಲ. ಇದನ್ನೆಲ್ಲ ಒಪ್ಪಬೇಕಾ, ಬಿಡಬೇಕಾ? ಪುಸ್ತಕ ಬರೆಯುವವರು ಇಲ್ಲಿ ಒಂದೊಂದು ದಾರಿ ಹಿಡಿದಿದ್ದಾರೆ.

ಬಿಗಿಯಾದ ದಾರಿಯಲ್ಲಿ ಚಪ್ಪಟೆ ಇದ್ದರೆ ಮಾತ್ರ ಮುಖ, ನೇರ ಇದ್ದರೆ ಮಾತ್ರ ಅಂಚು. ಆಗ ಸಿಲಿಂಡರಿಗೆ 2, 0, 0. ಇದು ನಿಮ್ಮ ಟೀಚರ್ ಉತ್ತರ. ಸಡಿಲವಾದ ದಾರಿಯಲ್ಲಿ ಮೇಲ್ಮೈಯ ಯಾವ ತುಂಡಾದರೂ ಮುಖವೇ, ಎರಡು ತುಂಡು ಸೇರುವ ಯಾವ ಗೆರೆಯಾದರೂ ಅಂಚೇ. ಆಗ 3, 2, 0. ಇದು ಮಗಳ ಉತ್ತರ. ನಿತ್ಯದ ಅನುಭವಕ್ಕೆ ಹತ್ತಿರ ಇರೋದು ಇದೇ ಅಂತ ನನ್ನ ಅನಿಸಿಕೆ. ಡಬ್ಬಿಯ ಬಾಯಿ ಕೈಗೆ ಕುಯ್ದರೆ ‘ಅಲ್ಲಿ ಅಂಚೇ ಇಲ್ಲ’ ಅಂತ ಯಾರೂ ಹೇಳುವುದಿಲ್ಲ. ಆದರೆ ಬಿಗಿ ದಾರಿಯವರ ಹತ್ತಿರವೂ ಗಟ್ಟಿ ಕಾರಣ ಇದೆ. ಸಡಿಲ ಮಾಡಿದ ಕೂಡಲೇ ಬಹುಮುಖ ಘನಗಳ ಸುಂದರ ನಿಯಮಗಳೆಲ್ಲ ಕೈ ಕೊಡುತ್ತವೆ. ನಿಮಗೆ ಆಯ್ಲರ್ ಸೂತ್ರ ಕೈ ಕೊಟ್ಟಂತೆ.

ಆಯ್ಲರ್ ಸೂತ್ರ ಪಂಚಾಯ್ತಿ ಮಾಡುತ್ತದಾ?

ಮಾಡುವುದಿಲ್ಲ. ಬಹಳ ಜನ ಎಡವುವ ಜಾಗ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶೃಂಗಗಳಲ್ಲಿ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿದರೆ 2 ಬರುತ್ತದೆ ಎಂಬ ಈ ನಿಯಮವನ್ನು ಆಯ್ಲರ್ 1750ರ ನವೆಂಬರಿನಲ್ಲಿ ತನ್ನ ಗಣಿತಜ್ಞ ಗೆಳೆಯ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ ಹೇಳಿದ. ಅವನ ಕಣ್ಣ ಮುಂದೆ ಇದ್ದದ್ದು ಚಪ್ಪಟೆ ಮುಖದ ಘನಗಳು ಮಾತ್ರ. ಆಮೇಲೆ ಅವನು ಕೊಟ್ಟ ಸಾಧನೆಯಲ್ಲೂ ಸಂದು ಇತ್ತು. ಪೂರ್ತಿ ಗಟ್ಟಿಯಾದ ಸಾಧನೆ ಕೊಟ್ಟಿದ್ದು 1794ರಲ್ಲಿ ಫ್ರಾನ್ಸಿನ ಗಣಿತಜ್ಞ ಲೆಜೆಂಡರ್. ಮುಂದೆ 1813ರಲ್ಲಿ ಸ್ವಿಟ್ಜರ್ಲೆಂಡಿನ ಲ್ಯುಲಿಯೆ ಎಂಬ ಗಣಿತಜ್ಞ, ಚಪ್ಪಟೆ ಮುಖದ ಘನಗಳಲ್ಲೇ ಸೂತ್ರ ತಪ್ಪುವ ಉದಾಹರಣೆಗಳನ್ನು ತೋರಿಸಿದ. ಅಂದರೆ ಬಹುಮುಖ ಘನಗಳ ವಿಷಯದಲ್ಲೇ ಇದಕ್ಕೆ ಷರತ್ತುಗಳಿವೆ.

ಷರತ್ತು ಎರಡು. ಪ್ರತಿಯೊಂದು ಅಂಚಿನ ಎರಡೂ ತುದಿಯಲ್ಲಿ ಶೃಂಗ ಇರಬೇಕು. ಪ್ರತಿಯೊಂದು ಮುಖವೂ ತೂತಿಲ್ಲದ ಒಂದೇ ತುಂಡಾಗಿರಬೇಕು, ಅದರ ಒಳಗೆ ಬಿಡಿ ಶೃಂಗ ಕೂತಿರಬಾರದು. ಇಷ್ಟಾದ ಮೇಲೆ ಇಡೀ ಆಕೃತಿಯಲ್ಲಿ ಆರಪಾರ ರಂಧ್ರ ಇಲ್ಲದಿದ್ದರೆ, ಒಳಗೆ ಮುಚ್ಚಿದ ಟೊಳ್ಳು ಇಲ್ಲದಿದ್ದರೆ 2 ಬರುತ್ತದೆ.

ಈಗ ಮಗಳ ಸಿಲಿಂಡರ್ ನೋಡಿ. ಎರಡು ಅಂಚೂ ವೃತ್ತಗಳು. ತುದಿಯೇ ಇಲ್ಲ, ಶೃಂಗವೂ ಇಲ್ಲ. ಪಾರ್ಶ್ವ ಮೇಲ್ಮೈ ಎರಡು ಕಡೆ ತೆರೆದ ಪಟ್ಟಿ. ಷರತ್ತು ಎರಡೂ ಮುರಿದಿವೆ. 0 – 2 + 3 = 1 ಬಂದದ್ದು ಮಗಳು ತಪ್ಪು ಎಣಿಸಿದ್ದಕ್ಕಲ್ಲ, ಸೂತ್ರಕ್ಕೆ ಅಲ್ಲಿ ಕೆಲಸವೇ ಇಲ್ಲದ್ದಕ್ಕೆ.

ಹಾಗಾದರೆ ಟೀಚರ್ ಲೆಕ್ಕದಲ್ಲಿ 2 ಬಂತಲ್ಲ? ಸುಮ್ನೆ ಕಾಕತಾಳೀಯ. ಅದೇ ಬಿಗಿ ನಿಯಮ ಹಿಡಿದು ಗೋಳ ಎಣಿಸಿ. ಚಪ್ಪಟೆ ಮುಖ 0, ಅಂಚು 0, ಶೃಂಗ 0. ಮೊತ್ತವೂ 0. ಒಂದು ಕಡೆ ಹೊಂದಿ ಇನ್ನೊಂದು ಕಡೆ ತಪ್ಪಿದರೆ ಅದನ್ನು ಸಾಕ್ಷಿ ಅನ್ನಲಾಗದು.

ಶಂಕುವಿನ ಕಥೆ ಇನ್ನೂ ಮಜವಾಗಿದೆ. ಗೈಡ್ ಪ್ರಕಾರ 1 ಶೃಂಗ, 1 ಅಂಚು, 2 ಮುಖ. 1 – 1 + 2 = 2. ಇಲ್ಲಿ ಎರಡು ದೋಷ ಒಂದನ್ನೊಂದು ಹೊಡೆದು ಹಾಕಿವೆ. ಪಾದದ ವೃತ್ತದ ಮೇಲೆ ಒಂದು ಶೃಂಗ ಇರಬೇಕಿತ್ತು, ಇಲ್ಲ. ಶಂಕುವಿನ ತುದಿ ಪಾರ್ಶ್ವ ಮೇಲ್ಮೈಯ ನಡುವೆ ಯಾವ ಅಂಚಿಗೂ ಅಂಟದೆ ಬಿಡಿಯಾಗಿ ಕೂತಿದೆ, ಅದು ಹೆಚ್ಚುವರಿ. ಕಡಿಮೆ ಆದ ಒಂದನ್ನು ಜಾಸ್ತಿ ಆದ ಒಂದು ಸರಿದೂಗಿಸಿತು. ಆದ್ದರಿಂದ ಶಂಕು ಬಹುಮುಖ ಘನ ಅಲ್ಲ. 2 ಬಂದ ಮಾತ್ರಕ್ಕೆ ಯಾವುದೂ ಆ ಕುಟುಂಬಕ್ಕೆ ಸೇರುವುದಿಲ್ಲ.

ಸಿಲಿಂಡರನ್ನು ಸೂತ್ರದ ಷರತ್ತಿಗೆ ತರುವ ದಾರಿ ಇದೆ. ಮಗಳ ಕೈಯಲ್ಲೇ ಮಾಡಿಸಿ. ಕಾಗದ ಸುತ್ತಿದ ಒಂದು ಉರುಟು ಡಬ್ಬಿ ತಗೊಳ್ಳಿ. ಆ ಕಾಗದವನ್ನು ಮೇಲಿನಿಂದ ಕೆಳಗೆ ನೇರವಾಗಿ ಒಂದೇ ಕಡೆ ಕತ್ತರಿಸಿ, ಆದರೆ ಬಿಚ್ಚಬೇಡಿ. ಕತ್ತರಿಸಿದ ಗೆರೆಯೂ ಒಂದು ಅಂಚು ಅಂದುಕೊಳ್ಳಿ. ಆ ಗೆರೆ ಮೇಲಿನ ವೃತ್ತವನ್ನು ಒಂದು ಬಿಂದುವಿನಲ್ಲಿ, ಕೆಳಗಿನದನ್ನು ಇನ್ನೊಂದು ಬಿಂದುವಿನಲ್ಲಿ ಮುಟ್ಟುತ್ತದೆ. ಅವೆರಡು ಶೃಂಗ. ಈಗ ಎಣಿಸಿ: 2 ಶೃಂಗ, 3 ಅಂಚು, 3 ಮುಖ. 2 – 3 + 3 = 2. ಕಾಗದ ಬಿಚ್ಚಿ ಹರಡಿದರೆ ಅಪ್ಪಟ ಆಯತ. ಅದರ ಉದ್ದ ವೃತ್ತದ ಪರಿಧಿ, ಅಗಲ ಡಬ್ಬಿಯ ಎತ್ತರ. ಪಾರ್ಶ್ವ ಮೇಲ್ಮೈ ವಿಸ್ತೀರ್ಣದ ಸೂತ್ರ ಎಲ್ಲಿಂದ ಬಂತು ಅಂತ ಅವಳೇ ಹೇಳಿಬಿಡುತ್ತಾಳೆ. ಗೋಳಕ್ಕೂ ಹೀಗೇ ಮಾಡಬಹುದು. ಒಂದು ಧ್ರುವದಿಂದ ಇನ್ನೊಂದಕ್ಕೆ ಒಂದೇ ಗೆರೆ ಎಳೆದರೆ 2 ಶೃಂಗ, 1 ಅಂಚು, 1 ಮುಖ. ಮತ್ತೆ 2. ಆದರೆ ಗೋಳವನ್ನು ಬಿಚ್ಚಿ ಚಪ್ಪಟೆ ಹರಡೋಕೆ ಆಗುವುದಿಲ್ಲ. ಎಲ್ಲಾದರೂ ಎಳೆಯಲೇಬೇಕು ಅಥವಾ ಹರಿಯಲೇಬೇಕು. ಅದಕ್ಕೇ ಶಾಲೆಯಲ್ಲಿ ಸಿಲಿಂಡರಿಗೆ, ಶಂಕುವಿಗೆ ಜಾಲಾಕೃತಿ (ಬಿಚ್ಚಿ ಹರಡಿದ ಚಿತ್ರ) ಬರೆಸುತ್ತಾರೆ, ಗೋಳಕ್ಕೆ ಬರೆಸುವುದಿಲ್ಲ. ಹೀಗೆ ಯಾಕೆ ಅನ್ನುವುದನ್ನು 1827ರಲ್ಲಿ ಗೌಸ್ ಸಾಧಿಸಿ ತೋರಿಸಿದ. ಭೂಪಟಗಳು ಎಲ್ಲೋ ಒಂದು ಕಡೆ ಸೊಟ್ಟ ಆಗಲೇಬೇಕಾದ ಕಾರಣವೂ ಇದೇ.

ಚಪ್ಪಟೆ ಮುಖದ ಘನದಲ್ಲೂ ಸೂತ್ರ ಹೇಗೆ ಮೋಸ ಮಾಡುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಒಂದು ಘನ ತಗೊಂಡು ಮೇಲಿನ ಮುಖದ ನಡುವಿನಿಂದ ಕೆಳಗಿನ ಮುಖದವರೆಗೆ ಆರಪಾರ ಒಂದು ಚೌಕ ರಂಧ್ರ ಕೊರೆಯಿರಿ. ಶೃಂಗ: ಹೊರಗೆ 8, ರಂಧ್ರಕ್ಕೆ 8, ಒಟ್ಟು 16. ಅಂಚು: 12 ಮತ್ತು 12, ಒಟ್ಟು 24. ಮುಖ: ಹೊರಗಿನ ಬದಿ 4, ಒಳಗಿನ ಬದಿ 4, ಮೇಲೊಂದು, ಕೆಳಗೊಂದು, ಒಟ್ಟು 10. 16 – 24 + 10 = 2. ರಂಧ್ರ ಇದ್ದರೂ 2 ಬಂತಲ್ಲ! ಕಾರಣ ಮತ್ತೆ ಎರಡು ದೋಷಗಳ ಸರಿದೂಗಿಕೆ. ಮೇಲಿನ ಮತ್ತು ಕೆಳಗಿನ ಮುಖಗಳ ನಡುವೆ ತೂತು ಇದೆ, ಷರತ್ತು ಮುರಿದಿದೆ. ಆ ಎರಡೂ ಮುಖಗಳಲ್ಲಿ ಹೊರಮೂಲೆಯಿಂದ ಒಳಮೂಲೆಗೆ ಒಂದೊಂದು ಗೆರೆ ಎಳೆದು ಸರಿಪಡಿಸಿದರೆ ಅಂಚು 26 ಆಗುತ್ತದೆ, ಮೊತ್ತ 0 ಆಗುತ್ತದೆ. ಆರಪಾರ ಒಂದು ರಂಧ್ರ ಇರುವ ಆಕೃತಿಗೆ ನಿಜವಾದ ಸಂಖ್ಯೆ ಅದೇ. ಉಂಗುರದ ಆಕಾರಕ್ಕೂ ಅದೇ 0. ಸೂತ್ರ ಹೊಂದಿತು ಅಂತ ಸರಿ, ಹೊಂದಲಿಲ್ಲ ಅಂತ ತಪ್ಪು ಅನ್ನುವವರಿಗೆ ನಾನು ಈ ರಂಧ್ರದ ಘನವನ್ನೇ ಕೊಡುವುದು.

ಲೆಕ್ಕವಿಲ್ಲದಷ್ಟು ಮುಖಗಳ ಮಾತು

ವಿಡಿಯೋದಲ್ಲಿ ಹೇಳಿದ್ದು ಅರ್ಧ ಸತ್ಯ. ಅರ್ಧ ಸತ್ಯ ಆಗಿರೋದರಿಂದಲೇ ಜಾಸ್ತಿ ಹರಡುತ್ತದೆ. ಪಾದ ನೂರು ಬಾಹುಗಳ ಬಹುಭುಜ ಆಗಿರುವ ಪ್ರಿಸಂ ಒಂದನ್ನು ಊಹಿಸಿಕೊಳ್ಳಿ. ಮುಖ 102, ಅಂಚು 300, ಶೃಂಗ 200. ದೂರದಿಂದ ನೋಡಿದರೆ ಸಿಲಿಂಡರೇ. ಬಾಹುಗಳನ್ನು ಇನ್ನೂ ಹೆಚ್ಚಿಸುತ್ತಾ ಹೋದರೆ ಪ್ರಿಸಂ ಸಿಲಿಂಡರಿಗೆ ಎಷ್ಟು ಬೇಕಾದರೂ ಹತ್ತಿರ ಆಗುತ್ತದೆ. ಇದು ನಿಜ. ಆದರೆ ಹತ್ತಿರ ಆಗುವುದು ಬೇರೆ, ಅದೇ ಆಗುವುದು ಬೇರೆ.

ಹತ್ತಿರ ಹೋಗುವಾಗ ಕೆಲವು ಗುಣಗಳು ಜೊತೆಗೆ ಬರುತ್ತವೆ, ಕೆಲವು ಬರುವುದಿಲ್ಲ. ಗಾತ್ರ ಬರುತ್ತದೆ, ಪಾರ್ಶ್ವದ ವಿಸ್ತೀರ್ಣ ಬರುತ್ತದೆ. ಪ್ರಿಸಂನ ಗಾತ್ರ ಪಾದದ ವಿಸ್ತೀರ್ಣ ಗುಣಿಸು ಎತ್ತರ. ಸಿಲಿಂಡರಿಗೂ ಅದೇ ಸೂತ್ರ. ಎಣಿಕೆ ಮಾತ್ರ ಬರುವುದಿಲ್ಲ. ಬಾಹುಗಳು ಹೆಚ್ಚಿದಷ್ಟೂ ಒಂದೊಂದು ಮುಖ ಸಪೂರ ಆಗುತ್ತಾ ಹೋಗುತ್ತದೆ, ಸಿಲಿಂಡರ್ ತಲುಪಿದಾಗ ಅಗಲವೇ ಇಲ್ಲದ ಗೆರೆ ಉಳಿಯುತ್ತದೆ. ಗೆರೆ ಮುಖ ಅಲ್ಲ. ಹಾಗಾಗಿ ‘ಅನಂತ ಮುಖ’ ಅನ್ನುವ ಉತ್ತರಕ್ಕೆ ಬಿಗಿ ದಾರಿಯಲ್ಲೂ ಜಾಗ ಇಲ್ಲ, ಸಡಿಲ ದಾರಿಯಲ್ಲೂ ಇಲ್ಲ. ಸೂತ್ರ ನೆನಪಿಟ್ಟುಕೊಳ್ಳೋಕೆ ಈ ಊಹೆ ಒಳ್ಳೆಯದು. ಪರೀಕ್ಷೆಯ ಉತ್ತರವಾಗಿ ಮಾತ್ರ ಬೇಡ.

ಪಿರಮಿಡ್ ಮತ್ತು ಶಂಕುವಿನ ನಂಟೂ ಹೀಗೇ. ಎರಡರ ಗಾತ್ರವೂ ಪಾದದ ವಿಸ್ತೀರ್ಣ ಗುಣಿಸು ಎತ್ತರದ ಮೂರನೇ ಒಂದು ಭಾಗ. ಆ ಮೂರನೇ ಒಂದು ಎಲ್ಲಿಂದ ಬಂತು ಅಂತ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಒಂದು ಘನದ ಯಾವುದಾದರೂ ಒಂದು ಮೂಲೆ ಹಿಡಿಯಿರಿ. ಆ ಮೂಲೆಯನ್ನು ಮುಟ್ಟದ ಮುಖಗಳು ಮೂರು. ಒಂದೊಂದು ಮುಖವನ್ನೂ ಪಾದ ಮಾಡಿ, ಈ ಮೂಲೆಯನ್ನು ತುದಿ ಮಾಡಿದರೆ ಒಂದೇ ಅಳತೆಯ ಮೂರು ಪಿರಮಿಡ್ ಆಗುತ್ತವೆ. ಮೂರೂ ಸೇರಿ ಇಡೀ ಘನ. ರಟ್ಟಿನಲ್ಲಿ ಮಾಡಿ ಜೋಡಿಸಿದರೆ ಮತ್ತೆ ಮರೆಯುವುದಿಲ್ಲ. ತ್ರಿಭುಜಕ್ಕೆ ಅರ್ಧ ಇದ್ದ ಹಾಗೆ ಇಲ್ಲೂ ಅರ್ಧ ಇರಬೇಕು ಅಂತ ಮಕ್ಕಳು ಬರೆದರೆ ಬೈಯಬೇಡಿ. 499ರಲ್ಲಿ ಆರ್ಯಭಟ ಕೂಡ ಪಿರಮಿಡ್ಡಿಗೆ ಅರ್ಧ ಅಂತಲೇ ಕೊಟ್ಟಿದ್ದ. 628ರಲ್ಲಿ ಬ್ರಹ್ಮಗುಪ್ತ ಕೊಟ್ಟಿದ್ದು ಮೂರನೇ ಒಂದು, ಅದು ಸರಿ.

ಘನ, ಆಯತ ಘನ, ಪ್ರಿಸಂ

ಇದರ ಉತ್ತರ ಚಿಕ್ಕದು. ಒಂದರೊಳಗೆ ಇನ್ನೊಂದು. ಪ್ರತಿಯೊಂದು ಘನವೂ ಆಯತ ಘನವೇ, ಪ್ರತಿಯೊಂದು ಆಯತ ಘನವೂ ಪ್ರಿಸಂ. ತಿರುಗಿಸಿ ಹೇಳಿದರೆ ತಪ್ಪು. ಕೆಲವು ಪುಸ್ತಕಗಳು ಉದ್ದ, ಅಗಲ, ಎತ್ತರ ಬೇರೆ ಬೇರೆ ಇದ್ದರೆ ಮಾತ್ರ ಆಯತ ಘನ ಅನ್ನುತ್ತವೆ. ಚಿಕ್ಕ ತರಗತಿಗೆ ಗುರುತಿಸಲು ಸುಲಭ ಅಂತ ಹಾಗೆ ಮಾಡುವುದು. ಆದರೆ ಆ ರೂಢಿ ಮುಂದೆ ಕಾಟ ಕೊಡುತ್ತದೆ. ಆಯತ ಘನದ ಬಗ್ಗೆ ಸಾಧಿಸಿದ್ದನ್ನೆಲ್ಲ ಘನಕ್ಕೆ ಇನ್ನೊಮ್ಮೆ ಸಾಧಿಸಬೇಕಾಗುತ್ತದೆ. ಒಳಗೊಳ್ಳುವ ಪದ್ಧತಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಪ್ರಿಸಂ ಅಂದ ಕೂಡಲೇ ವಿಜ್ಞಾನ ಪಾಠದ ತ್ರಿಕೋನದ ಗಾಜು ಮಾತ್ರ ನೆನಪಾಗುವುದು ಇನ್ನೊಂದು ತೊಡಕು. ಪಾದ ಯಾವ ಬಹುಭುಜವಾದರೂ ಸರಿ. ಎರಡು ಪಾದಗಳು ಒಂದೇ ಅಳತೆ ಇದ್ದು, ಸಮಾಂತರವಾಗಿದ್ದು, ಬದಿಗಳು ಸಮಾಂತರ ಚತುರ್ಭುಜ ಆಗಿದ್ದರೆ ಅದು ಪ್ರಿಸಂ. ಪಾದಕ್ಕೆ ನೆಟ್ಟಗೆ ನಿಂತಿರಲೇಬೇಕು ಅಂತಲೂ ಇಲ್ಲ, ಓರೆಯಾಗಿಯೂ ಇರಬಹುದು. ಗಾತ್ರದ ಸೂತ್ರ ಓರೆಗೂ ಅದೇ. ಎತ್ತರವನ್ನು ಮಾತ್ರ ಲಂಬವಾಗಿ ಅಳೆಯಬೇಕು.

ಪಟ್ಟಿ ಕೊಡಿ ಅಂದಿದ್ದೀರಿ

ಪೂರ್ತಿ ಪಟ್ಟಿ ಇಲ್ಲ, ಇರೋಕೂ ಆಗುವುದಿಲ್ಲ. ಪ್ರಿಸಂಗಳೇ ಲೆಕ್ಕವಿಲ್ಲದಷ್ಟು ಇವೆ. ತ್ರಿಭುಜದ್ದು, ಪಂಚಭುಜದ್ದು, ನೂರು ಭುಜದ್ದು, ಹೀಗೆ ಮುಗಿಯುವುದೇ ಇಲ್ಲ. ಬಾಗಿದ ಆಕೃತಿಗಳಂತೂ ಇನ್ನೂ ಜಾಸ್ತಿ. ಗೋಳ, ಶಂಕು, ಸಿಲಿಂಡರ್ ಮೂರನ್ನೂ ಯೂಕ್ಲಿಡ್ ತಿರುಗಿಸುವ ಮೂಲಕ ಹೇಳಿದ್ದ. ಅರ್ಧವೃತ್ತವನ್ನು ವ್ಯಾಸದ ಮೇಲೆ ತಿರುಗಿಸಿದರೆ ಗೋಳ. ಲಂಬಕೋನ ತ್ರಿಭುಜವನ್ನು ಲಂಬ ಬಾಹುವಿನ ಮೇಲೆ ತಿರುಗಿಸಿದರೆ ಶಂಕು. ಆಯತವನ್ನು ಒಂದು ಬಾಹುವಿನ ಮೇಲೆ ತಿರುಗಿಸಿದರೆ ಸಿಲಿಂಡರ್. ಈ ಉಪಾಯ ಕಲಿತರೆ ಯಾವ ಚಿತ್ರ ತಿರುಗಿಸಿದರೂ ಒಂದು ಹೊಸ ಘನಾಕೃತಿ. ಹೆಸರಿಲ್ಲದವೇ ಹೆಚ್ಚು. ಉದ್ದಕ್ಕೆ ಸೀಳಿದ ಅರ್ಧ ಸಿಲಿಂಡರ್ ನೋಡಿ, ಅದು ಪೂರ್ತಿ ತಿರುಗಿಸಿ ಬಂದದ್ದೂ ಅಲ್ಲ, ಬಹುಮುಖ ಘನವೂ ಅಲ್ಲ. ಅದಕ್ಕೂ ಬದುಕುವ ಹಕ್ಕಿದೆ.

ಪಟ್ಟಿ ಮುಗಿಯುವುದು ಷರತ್ತು ಹಾಕಿದಾಗ. ಎಲ್ಲಾ ಮುಖವೂ ಒಂದೇ ಅಳತೆಯ ನಿಯಮಿತ ಬಹುಭುಜ ಆಗಿರಬೇಕು, ಎಲ್ಲಾ ಶೃಂಗದಲ್ಲೂ ಅಷ್ಟೇ ಮುಖಗಳು ಸೇರಬೇಕು, ಎಲ್ಲೂ ಒಳಕ್ಕೆ ತಗ್ಗಿರಬಾರದು ಅಂತ ಹೇಳಿದರೆ ಐದೇ ಐದು: ಚತುರ್ಮುಖ ಘನ, ಘನ, ಅಷ್ಟಮುಖ ಘನ, ದ್ವಾದಶಮುಖ ಘನ, ವಿಂಶತಿಮುಖ ಘನ. ಆರನೆಯದು ಸಿಕ್ಕಿಲ್ಲ ಅಂತಲ್ಲ, ಇರಲು ಸಾಧ್ಯವೇ ಇಲ್ಲ. ಒಂದು ಶೃಂಗದಲ್ಲಿ ಕನಿಷ್ಠ ಮೂರು ಮುಖ ಸೇರಬೇಕು, ಅಲ್ಲಿನ ಕೋನಗಳ ಮೊತ್ತ 360 ಡಿಗ್ರಿಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಚಪ್ಪಟೆ ಆಗಿಬಿಡುತ್ತದೆ. ಸಮಬಾಹು ತ್ರಿಭುಜದ ಕೋನ 60. ಮೂರು, ನಾಲ್ಕು, ಐದು ಸೇರಬಹುದು. ಚೌಕದ ಕೋನ 90. ಮೂರು ಮಾತ್ರ. ಪಂಚಭುಜದ ಕೋನ 108. ಮೂರು ಸೇರಿದರೆ 324, ಸ್ವಲ್ಪದರಲ್ಲಿ ಪಾರು. ಷಡ್ಭುಜದ ಕೋನ 120, ಮೂರಕ್ಕೇ 360. ಮುಗೀತು.

ಇಲ್ಲೊಂದು ಎಚ್ಚರಿಕೆ. ‘ಎಲ್ಲಾ ಮುಖ ಒಂದೇ ತರ ಇದ್ದರೆ ನಿಯಮಿತ’ ಅಂತ ಬರೆಯುವ ಮಕ್ಕಳು ಬಹಳ. ಎರಡು ಚತುರ್ಮುಖ ಘನಗಳನ್ನು ಮುಖಕ್ಕೆ ಮುಖ ಕೊಟ್ಟು ಅಂಟಿಸಿ. ಆರು ಮುಖವೂ ಒಂದೇ ಅಳತೆಯ ಸಮಬಾಹು ತ್ರಿಭುಜ. ಆದರೆ ಮೇಲಿನ, ಕೆಳಗಿನ ತುದಿಗಳಲ್ಲಿ ಮೂರು ಮುಖ ಸೇರುತ್ತವೆ, ನಡುವಿನ ಮೂರು ಶೃಂಗಗಳಲ್ಲಿ ನಾಲ್ಕು ಸೇರುತ್ತವೆ. ಆದ್ದರಿಂದ ನಿಯಮಿತ ಅಲ್ಲ. ಶೃಂಗದ ಷರತ್ತು ಬಿಟ್ಟು, ಮುಖಗಳೆಲ್ಲ ಸಮಬಾಹು ತ್ರಿಭುಜ ಆಗಿದ್ದರೆ ಸಾಕು, ತಗ್ಗು ಇಲ್ಲದಿದ್ದರೆ ಸಾಕು ಅಂದರೆ ಒಟ್ಟು ಎಂಟು ಸಿಗುತ್ತವೆ. ಮುಖಗಳ ಸಂಖ್ಯೆ 4, 6, 8, 10, 12, 14, 16, 20. ನಡುವೆ 18 ಇಲ್ಲ! 1947ರಲ್ಲಿ ಇದನ್ನು ಸಾಧಿಸಿದ್ದಾರೆ.

ಮುಖಗಳು ನಿಯಮಿತ ಇದ್ದರೆ ಸಾಕು, ಬೇರೆ ಬೇರೆ ಬಗೆ ಇರಬಹುದು ಅಂತ ಇನ್ನೂ ಸಡಿಲ ಮಾಡಿದರೆ? ಆ ಐದರ ಜೊತೆಗೆ ಆರ್ಕಿಮಿಡೀಸ್ ಹೆಸರಿನ 13 ಬರುತ್ತವೆ. ಪ್ರಿಸಂಗಳ ಮತ್ತು ಅವುಗಳ ದಾಯಾದಿಗಳಾದ ಆಂಟಿಪ್ರಿಸಂಗಳ (ಒಂದು ಪಾದ ಸ್ವಲ್ಪ ತಿರುಗಿ, ಬದಿಗಳು ತ್ರಿಭುಜ ಆಗಿರುವವು) ಮುಗಿಯದ ಎರಡು ಸಾಲು ಬರುತ್ತವೆ. ಅದೆಲ್ಲ ಬಿಟ್ಟು ಉಳಿದವು 92. ಈ 92ರ ಪಟ್ಟಿಯನ್ನು 1966ರಲ್ಲಿ ನಾರ್ಮನ್ ಜಾನ್ಸನ್ ಮಾಡಿದ. ಇನ್ನೊಂದೂ ಬಿಟ್ಟುಹೋಗಿಲ್ಲ ಅಂತ 1969ರಲ್ಲಿ ಜಲ್ಗಾಲರ್ ಸಾಧಿಸಿದ. ಇದನ್ನು ಬಾಯಿಪಾಠ ಮಾಡಿಸೋಕೆ ಮಾತ್ರ ಹೋಗಬೇಡಿ.

ಬಾಯಿಪಾಠದ ಬದಲು ಮಗಳಿಗೆ ಒಂದು ಲೆಕ್ಕ ಕೊಡಿ. ಯಾವುದಾದರೂ ತಗ್ಗಿಲ್ಲದ ಬಹುಮುಖ ಘನ ತಗೊಂಡು, ಒಂದೊಂದು ಶೃಂಗದಲ್ಲೂ ಕೋನಗಳ ಮೊತ್ತ 360ಕ್ಕೆ ಎಷ್ಟು ಕಡಿಮೆ ಅಂತ ಕಂಡುಹಿಡಿದು ಎಲ್ಲವನ್ನೂ ಕೂಡಿಸಲಿ. ಘನದಲ್ಲಿ ಒಂದೊಂದು ಮೂಲೆಯಲ್ಲಿ 90 ಕಡಿಮೆ, ಎಂಟು ಮೂಲೆಗೆ 720. ಚತುರ್ಮುಖ ಘನದಲ್ಲಿ 180 ಕಡಿಮೆ, ನಾಲ್ಕಕ್ಕೆ 720. 12 ಪಂಚಭುಜ, 20 ಷಡ್ಭುಜ ಹೊಲಿದ ಫುಟ್‌ಬಾಲ್ ಇದೆಯಲ್ಲ, ಅದನ್ನು ಗಾಳಿ ತುಂಬದೆ ಚಪ್ಪಟೆ ಮುಖಗಳಾಗಿ ಊಹಿಸಿಕೊಳ್ಳಿ. ಒಂದೊಂದು ಶೃಂಗದಲ್ಲಿ 108, 120, 120 ಸೇರಿ 348. ಕಡಿಮೆ ಬಿದ್ದದ್ದು 12. ಶೃಂಗ 60. ಮತ್ತೆ 720! ಇದನ್ನು ಕಂಡವನು ಡೆಕಾರ್ಟೆ, ಆಯ್ಲರ್‌ಗಿಂತ ನೂರು ವರ್ಷಕ್ಕೂ ಮೊದಲು. ಈ 720 ಮತ್ತು ಆಯ್ಲರ್‌ನ 2, ಎರಡೂ ಒಂದೇ ಸತ್ಯದ ಎರಡು ರೂಪ. 360 ಡಿಗ್ರಿಯ 2 ಪಟ್ಟು 720, ಅಷ್ಟೇ.

ಈಗ ಶಾಲೆಯ ವಿಷಯ

ನಿಮ್ಮ ಮುಂದೆ ಮೂರು ದಾರಿ ಇದೆ.

ಸುಮ್ಮನಿದ್ದು, ಪಠ್ಯಪುಸ್ತಕ ಹೇಳಿದ ಸಂಖ್ಯೆಯನ್ನೇ ಕಲಿಸುವುದು ಒಂದು. ಈ ಪರೀಕ್ಷೆಗೆ ಅಪಾಯ ಇಲ್ಲ. ಆದರೆ ಪುಸ್ತಕ ಬದಲಾದರೆ ಸಂಖ್ಯೆಯೂ ಬದಲಾಗಬಹುದು. ಅದಕ್ಕಿಂತ ದೊಡ್ಡ ನಷ್ಟ, ಗಣಿತ ಅಂದರೆ ಟೀಚರ್ ಹೇಳಿದ್ದು ಅಂತ ಅವಳ ತಲೆಯಲ್ಲಿ ಕೂರುತ್ತದೆ. ಈಗಲೇ ಅವಳಿಗೆ ಬೇಸರ ಬಂದಿದೆ.

ಅಂಕಕ್ಕಾಗಿ ಶಾಲೆಗೆ ಹೋಗಿ ವಾದ ಮಾಡುವುದು ಇನ್ನೊಂದು. ಹೋಗುವ ಮೊದಲು ಅವಳ ಪಠ್ಯಪುಸ್ತಕದಲ್ಲಿ ಮುಖ ಮತ್ತು ಅಂಚಿನ ವ್ಯಾಖ್ಯೆ ತೆಗೆದು ಓದಿ. ‘ಸಮತಲ ಮೇಲ್ಮೈ’ ಅಂತ ಸ್ಪಷ್ಟವಾಗಿ ಇದ್ದರೆ ಆ ಪುಸ್ತಕದ ಮಟ್ಟಿಗೆ ಟೀಚರ್ ಸರಿ, ವಾದಕ್ಕೆ ಹೋದರೆ ನೀವೇ ಸೋಲುತ್ತೀರಿ. ವ್ಯಾಖ್ಯೆ ಎಲ್ಲೂ ಇಲ್ಲದಿದ್ದರೆ ದೋಷ ಪ್ರಶ್ನೆಯದು, ಕೇಳುವ ಹಕ್ಕು ನಿಮಗಿದೆ. ಆದರೂ ಗೈಡ್ ಎತ್ತಿಕೊಂಡು ಹೋಗಬೇಡಿ. ಗೈಡ್ ನೋಡಿದ ಕೂಡಲೇ ಮಾತು ಜಗಳಕ್ಕೆ ತಿರುಗುತ್ತದೆ. ‘ಮೇಡಂ, ಬಾಗಿದ ಮೇಲ್ಮೈಯನ್ನು ಮುಖ ಅಂತ ಎಣಿಸಬೇಕಾ ಬೇಡವಾ ಅಂತ ಮಕ್ಕಳಿಗೆ ಹೇಳಿಬಿಡಿ, ಮುಂದಿನ ಸಲ ಗೊಂದಲ ಆಗಲ್ಲ’ ಅಂತ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಕೆಲವರು ಕೊಟ್ಟ ಉತ್ತರಪಟ್ಟಿ ನೋಡಿ ತಿದ್ದಿರುತ್ತಾರೆ, ಅದು ಅವರ ಕೈಯಲ್ಲಿ ಇರುವುದಿಲ್ಲ. ಒಂದು ಅಂಕ ವಾಪಸ್ ಬರದಿದ್ದರೆ ಬಿಡಿ.

ನಾನು ಹೇಳುವುದು ಮೂರನೇ ದಾರಿ. ಉತ್ತರದ ಜೊತೆಗೇ ನಿಯಮವನ್ನೂ ಬರೆಯುವ ಅಭ್ಯಾಸ ಮಾಡಿಸಿ. ‘ಸಿಲಿಂಡರಿಗೆ 2 ಸಮತಲ ಮುಖ, 1 ವಕ್ರ ಮೇಲ್ಮೈ, ಅವು ಸೇರುವಲ್ಲಿ 2 ವೃತ್ತಾಕಾರದ ಅಂಚು, ನೇರ ಅಂಚು ಇಲ್ಲ, ಶೃಂಗ ಇಲ್ಲ.’ ಇಷ್ಟು ಬರೆದರೆ ಯಾವ ಪಕ್ಷದವರೂ ತಪ್ಪು ಅನ್ನೋಕೆ ಬರುವುದಿಲ್ಲ. ಶಂಕುವಿಗೆ 1 ಸಮತಲ ಮುಖ, 1 ವಕ್ರ ಮೇಲ್ಮೈ, 1 ವೃತ್ತಾಕಾರದ ಅಂಚು, 1 ತುದಿ. ಗೋಳಕ್ಕೆ 1 ವಕ್ರ ಮೇಲ್ಮೈ, ಬೇರೇನೂ ಇಲ್ಲ. ಅರ್ಧಗೋಳಕ್ಕೆ 1 ಸಮತಲ ಮುಖ, 1 ವಕ್ರ ಮೇಲ್ಮೈ, 1 ವೃತ್ತಾಕಾರದ ಅಂಚು.

ಈ ದಾರಿಗೂ ಒಂದು ಕೊರತೆ ಇದೆ. ಬಹು ಆಯ್ಕೆಯ ಪ್ರಶ್ನೆಯಲ್ಲಿ ವಿವರಣೆ ಬರೆಯಲು ಜಾಗ ಇರುವುದಿಲ್ಲ. ಅಲ್ಲಿ ಮೊದಲು ನಾಲ್ಕೂ ಆಯ್ಕೆಗಳನ್ನು ಓದಲಿ. ಸಾಮಾನ್ಯವಾಗಿ 2, 0, 0 ಅಥವಾ 3, 2, 0 ಇವುಗಳಲ್ಲಿ ಒಂದೇ ಕೊಟ್ಟಿರುತ್ತಾರೆ, ಆಗ ಯೋಚನೆ ಇಲ್ಲ. ಎರಡೂ ಇದ್ದರೆ ಆ ವರ್ಷದ ಪಠ್ಯಪುಸ್ತಕದ ವ್ಯಾಖ್ಯೆಯಂತೆ ಗುರುತು ಹಾಕಲಿ. ಪ್ರಶ್ನೆಯಲ್ಲಿ ಕೊಳವೆ ಅಂತ ಇದೆಯಾ, ಸಿಲಿಂಡರ್ ಅಂತ ಇದೆಯಾ ಅಂತಲೂ ನೋಡಿಕೊಳ್ಳಲಿ. ಎರಡು ಕಡೆ ತೆರೆದ, ಗೋಡೆಗೆ ದಪ್ಪ ಇರುವ ಕೊಳವೆಗೆ ಮುಚ್ಚಿದ ಸಿಲಿಂಡರಿನ ಲೆಕ್ಕ ಹೊಂದುವುದಿಲ್ಲ. ಅದರಲ್ಲಿ ಉಂಗುರದ ಆಕಾರದ 2 ಸಮತಲ ಮುಖ, ಒಳಗೊಂದು ಹೊರಗೊಂದು ವಕ್ರ ಮೇಲ್ಮೈ, ಒಟ್ಟು 4 ವೃತ್ತಾಕಾರದ ಅಂಚುಗಳಿವೆ.